ಫೌಂಡ್ರಿಯವನು ಬಡಿದ ರೊಟ್ಟಿ

ಅನಗೋಳ, ಬೆಳಗಾವಿ
೧೧ ಫೆಬ್ರುವರಿ ೧೯೭೯, ರವಿವಾರ

ಖಾನಾಪುರದಾಗಿರೋ ನನ್ನ ಶಿವಲಿಂಗವ್ವಗ ಗುರುಪುತ್ರಪ್ಪನ ಪ್ರೀತಿಯ ನೆನಪು.

ಅತ್ತಿಯವರ ಮುರಿದ ಕಾಲು ಹೆಂಗೈತಿ? ಪ್ಲಾಸ್ಟರ್ ಬಿಚ್ಚಿದ್ರೇನು? ಅವರನ್ನ ಎಬ್ಬಿಸಿ ಕುಂದ್ರಸೂದ್ರಾಗ ನಿನ್ನ ನಡಾ ಹಿಡದೈತಿ ಅಂತ ಕೇಳೀನಿ, ಜ್ವಾಕಿ. ನಾನೂ ಮಗಳೂ ಆರಾಮ ಅದೀವಿ. ಉಪವಾಸ ಬಿದ್ದಿಲ್ಲ.

ನೀ ಹೋದ ಮರುದಿನ ನಾ ಕಾಂತಾಗ, "ಅವ್ವ ಬರೂತನಕ ಸಾಲಿ ಬಿಡು, ಅಡಗಿ ನೋಡ್ಕೊ" ಅಂದಿದ್ದೆ. ಒಂಬತ್ತನೇ ಇಯತ್ತೆ ಓದೋ ಹುಡುಗಿ, ಅಳಲಿಲ್ಲ. ಹಿಟ್ಟಿನ ಪರಾತ ನನ್ನ ಮುಂದ ಇಟ್ಟು, "ಅಪ್ಪಾ, ಸಾಲ್ಯಾಗ ನಮಗ ಅಡಗಿ ಕಲಸ್ತಾರ, ನಾ ನಿನಗ ಕಲಸ್ತೀನಿ. ಇಬ್ಬರೂ ಕೂಡಿ ಮಾಡೂಣು" ಅಂದ್ಳು. ಉದ್ಯಮಬಾಗದ ಫೌಂಡ್ರಿಯೊಳಗ ಕರಗಿದ ಕಬ್ಬಿಣ ಹೊಯ್ಯೋ ನಾನು ಹಿಟ್ಟಿಗಿ ಕುದಿಯೋ ಎಸರು ಹಾಕಾಕ ಅಂಜಿದೆ ಅಂದ್ರ ನೀ ನಗ್ತಿ. ಮೊದಲನೇ ರೊಟ್ಟಿ ಹರದು ಐದು ತುಂಡಾತು. "ನಾದಿದ್ದು ಸಾಲದು, ಅಪ್ಪಾ!" ಇಷ್ಟು ವರ್ಷ ನೀ ಬಡದು ಹಾಕಿದ್ದು ಸುಮ್ಮನ ಉಂಡೀನಿ, ಅದರಾಗ ಇಷ್ಟು ವಿದ್ಯಾ ಐತಿ ಅಂತ ನನಗ ಗೊತ್ತೇ ಇರಲಿಲ್ಲ ನೋಡು.

ಶುಕ್ರವಾರ ಅಡಗಿ ಕಲಸೋ ಗಂಗಾದೇವಿ ಅಕ್ಕೋರು, "ಇಲ್ಲಿ ಕಲತಿದ್ದು ಮನ್ಯಾಗ ಏನು ಉಪಯೋಗ ಆತು?" ಅಂತ ಎಲ್ಲಾರಿಗೂ ಕೇಳಿದ್ರಂತ. ಕಾಂತಾ, "ನಮ್ಮಪ್ಪಗ ರೊಟ್ಟಿ ಕಲಸೀನ್ರಿ" ಅಂದ್ಳು. ಹುಡುಗೀರೆಲ್ಲಾ ನಕ್ಕರು. ಅಕ್ಕೋರೂ ನಂಬಲಿಲ್ಲ, ನಿನ್ನೆ ನನ್ನ ಕರಸಿದ್ರು. ಮೂವತ್ತು ಹುಡುಗೀರ ಮುಂದ, ಕಬ್ಬಿಣದ ಕಿಡಿ ಸುಟ್ಟ ಈ ಕೈಲೆ ನಾದಿದೆ, ಬಡದೆ. ಹಂಚಿನ ಮ್ಯಾಲ ಹಾಕಿ, ನೀರು ಸವರಿ, ತಿರುವಿ ಹಾಕಿದೆ. ಉಬ್ಬಿತು ನೋಡು! ಅಕ್ಕೋರು ಮುರಕೊಂಡು ತಿಂದು, "ಇದಕ್ಕ ಪೂರಾ ಮಾರ್ಕು ಕಾಂತಾಗ" ಅಂದ್ರು. ಹಿಂದಿನ ಸಾಲಿನಾಗಿಂದ ಕಾಂತಾ ಎದ್ದು ಬಂದ್ಳು. ಹಿಟ್ಟು ಹತ್ತಿದ ನನ್ನ ಕೈ ಹಿಡಕೊಂಡು, "ಇವರು ನಮ್ಮಪ್ಪ" ಅಂತ ಎಲ್ಲಾರಿಗೂ ಹೇಳಿದ್ಳು.

ಅತ್ತಿಯವರಿಗೆ ನನ್ನ ಶರಣು ಹೇಳು. ಬಸವಣ್ಣ ನಿಮ್ಮಿಬ್ಬರನ್ನೂ ಸುಖದಾಗ ಇಡಲಿ.

ನಿನ್ನ
ಗುರುಪುತ್ರಪ್ಪ

ತಾ.ಕ.: ಬಾಜೂ ಮನಿ ಬಾಳಪ್ಪ ಖಾನಾಪುರ ಬಸ್ಸಿಗಿ ಹೊಂಟು ನಿಂತಾನ, ಗಡಬಡದಾಗ ಬರೀತೀನಿ. ನೀ ಬರಾಕ ಅವಸರ ಮಾಡಬ್ಯಾಡ. ನಿಮ್ಮವ್ವ ನಡದಾಡೂತನಕ ಅಲ್ಲೇ ಇರು. ನೀ ಹೋದ ದಿನಾನ ಹಾಕಿದ ಪತ್ರದಾಗ "ನೀ ಲಗೂನ ಬರಲಿಲ್ಲಂದ್ರ ಹುಡುಗೀನ ಸಾಲಿ ಬಿಡಸ್ತೀನಿ" ಅಂತ ಬರದಿದ್ನಲ್ಲ, ಅದನ್ನ ಹರದು ಒಲಿಗಿ ಹಾಕು. ನಂದು ತಪ್ಪಾತು. ಕಾಂತಾ ಹತ್ತನೇ ಇಯತ್ತೆಗೂ ಹೋಗ್ತಾಳ, ಅದರಾಚೆಗೂ ಹೋಗ್ತಾಳ.