ಇವತ್ತು ಫೋನ್ ಎಂಗೇಜ್ ಇರುವುದಿಲ್ಲ

ಕರಾಮ, ದುಬೈ
ಮಾರ್ಚ್ ೨೦೦೫

ಪ್ರೀತಿಯ ಅಪ್ಪನಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುವುದೇನು ಹುಚ್ಚು ಎನ್ನಬೇಡಿ. ಎದುರು ನಿಂತು ಹೇಳಿದರೆ ಮೊದಲ ಮಾತಿಗೇ ನೀವು ಇಂಟರ್ನೆಟ್ಟಿನ ವೈರು ಕಿತ್ತುಬಿಡುತ್ತೀರಿ. ಅದಕ್ಕೇ ಇದನ್ನು ನಿಮ್ಮ ಊಟದ ಚೀಲದಲ್ಲಿ ಇಟ್ಟಿದ್ದೇನೆ. ಅಲ್ ಕುಸೈಸ್‌ನ ಆಫೀಸಿನಿಂದ ವೈರು ಕೈಗೆ ಎಟುಕುವುದಿಲ್ಲವಲ್ಲ! ಮೊದಲು ಊಟ ಮುಗಿಸಿ.

ಮೇಲಿನ ಮಹಡಿಯ ಮುನೀರಾ ನೆನಪಿದ್ದಾಳಲ್ಲ, ಭಟ್ಕಳದ ಖಮರುದ್ದೀನ್ ಅಂಕಲ್ ಮಗಳು? ನಾವಿಬ್ಬರೂ ಕಾಲೇಜು ಸೇರಿದ ವರ್ಷ ಯಾವನೋ ಅವಳ ಫೋಟೋ, ಫೋನ್ ನಂಬರು ಎರಡನ್ನೂ ಇಂಟರ್ನೆಟ್ಟಿಗೆ ಹಾಕಿದ. ಅಂಕಲ್ ಕೇಳಿದ್ದು ಒಂದೇ ಮಾತು, "ಯಾರಮ್ಮ ಅವನು?" ಅಂಗಡಿಗೆ ಬೀಗ ಹಾಕಿ ಅವಳ ಜೊತೆ ಪೊಲೀಸ್ ಠಾಣೆಗೆ ಹೋದರು. ನೀವು? ನನಗೆ ಏನೂ ಆಗದಿದ್ದರೂ ಅವತ್ತೇ ನಮ್ಮ ಮನೆಯ ವೈರು ಕಿತ್ತಿರಿ. "ಒಳ್ಳೇ ಮನೆ ಹುಡುಗೀರ್ಗೆ ಹೀಗೆಲ್ಲ ಆಗಲ್ಲ" ಅಂದಿರಿ. ಆ ಮಾತಿನ ಸಿಟ್ಟಿಗೇ ನಾನು ಈ ಓದಿಗೆ ಬಿದ್ದದ್ದು. ಇಂಟರ್ನೆಟ್ಟಿನಲ್ಲಿ ಹುಡುಗಿಯರನ್ನು ಕಾಯುವ ಕಾನೂನು ಹೇಗಿರಬೇಕು ಎಂಬುದೇ ನನ್ನ ಎಂ.ಎ. ಪ್ರಬಂಧ. ನೆಂಟರಿಗೆ ನೀವು "ಏನೋ ಕಂಪ್ಯೂಟರ್ ಕೋರ್ಸು" ಎನ್ನುತ್ತೀರಿ, ಇರಲಿ.

ಪ್ರಬಂಧಕ್ಕೆಂದು ವೈರು ವಾಪಸ್ ಬಂತು. ಆದರೆ ಕಂಪ್ಯೂಟರ್ ಹಾಲ್‌ನಲ್ಲಿ, ಪರದೆ ಸೋಫಾ ಕಡೆಗೆ. ಇರುವುದು ಒಂದೇ ಲೈನು. ನಾನು ಇಂಟರ್ನೆಟ್ ಹಾಕಿದರೆ ಫೋನ್ ಎಂಗೇಜ್. ನೀವು ಆಫೀಸಿನಿಂದ ಮಾಡಿ ಮಾಡಿ ನೋಡಿ, ಸಂಜೆ ಶೂ ಬಿಚ್ಚುವ ಮೊದಲೇ "ಯಾರ ಜೊತೆ ಅಷ್ಟು ಹೊತ್ತು?" ಎನ್ನುತ್ತೀರಿ. ನನ್ನ ವೀಸಾ ನಿಮ್ಮ ಹೆಸರಿನಲ್ಲಿ, ಪಾಸ್‌ಪೋರ್ಟ್ ನಿಮ್ಮ ಬೀರುವಿನಲ್ಲಿ. ಜಗಳ ಬಂದಾಗಲೆಲ್ಲ "ವೀಸಾ ಕ್ಯಾನ್ಸಲ್, ಮೈಸೂರಿಗೆ ನಡಿ, ಖಲಾಸ್!" ಉಸಿರು ಕಟ್ಟುತ್ತದೆ ಅಪ್ಪ.

ಈಗ ವಿಷಯಕ್ಕೆ ಬರುತ್ತೇನೆ. ಯೂನಿವರ್ಸಿಟಿಯ ವೆಬ್‌ಸೈಟಿನಲ್ಲಿದ್ದ ನನ್ನ ಫೋಟೋ ತೆಗೆದುಕೊಂಡು, ಮುಖವನ್ನು ಬೇರೆ ಯಾರದೋ ಬರಿಮೈಗೆ ಅಂಟಿಸಿ ಯಾವನೋ ನನಗೇ ಮೇಲ್ ಮಾಡಿದ್ದಾನೆ. ಅವನನ್ನು ಭೇಟಿಯಾಗದಿದ್ದರೆ ನಿಮ್ಮ ಆಫೀಸಿಗೆ ಕಳಿಸುತ್ತಾನಂತೆ. ಒಂದು ವಾರದಿಂದ ನನಗೆ ಅನ್ನ ಸೇರುತ್ತಿಲ್ಲ. ಅಮ್ಮನ ಹತ್ತಿರ ನನಗೆ ಹೊಟ್ಟೆನೋವು ಎಂದಿದ್ದೇನೆ. ಅವನ ಭಯಕ್ಕಿಂತ ನಿಮ್ಮ ಭಯವೇ ನನಗೆ ಹೆಚ್ಚು. ಬರೆಯಲು ನಾಚಿಕೆಯಾಗುತ್ತದೆ, ಆದರೂ ನಿಜ.

ನಿನ್ನೆ ಪ್ರಬಂಧದ ಕೆಲಸಕ್ಕೆಂದು ಹೋಗಿದ್ದ ಒಂದು ಶಾಲೆಯಲ್ಲಿ ಹುಡುಗಿಯರಿಗೆ ಭಾಷಣ ಬಿಗಿದೆ, ಏನೇ ಆದರೂ ಮನೆಯಲ್ಲಿ ಹೇಳಿ ಎಂದು. ದುಆ ಎಂಬ ಪುಟ್ಟ ಹುಡುಗಿ ಎದ್ದು, "ಮಿಸ್, ವುಡ್ ಯೂ ಟೆಲ್ ಯುವರ್ ಡ್ಯಾಡ್?" ಅಂದಳು. ಹೇಳುತ್ತೇನೆ ಎಂದುಬಿಟ್ಟೆ. ಮನೆಗೆ ಬಂದು ಬಚ್ಚಲಿನಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಆ ಮೇಲ್ ಅಳಿಸಿಲ್ಲ, ಪೊಲೀಸರಿಗೆ ಬೇಕಾಗುತ್ತದೆ. ಕಾನೂನೆಲ್ಲ ನನಗೆ ಗೊತ್ತು. ಠಾಣೆಯ ಬಾಗಿಲಿನವರೆಗೆ ಜೊತೆಗೆ ಬರಲು ಅಪ್ಪ ಬೇಕು.

ಇವತ್ತು ನಾನು ಇಂಟರ್ನೆಟ್ ಹಾಕುವುದಿಲ್ಲ. ಫೋನಿನ ಪಕ್ಕದಲ್ಲೇ ಕೂತಿರುತ್ತೇನೆ. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ, ಬಿಪಿ ಏರದಿರಲಿ. ಫೋನ್ ಮಾಡಿ ಅಪ್ಪ. "ಫೋಟೋ ಯಾಕೆ ಹಾಕಿಸ್ಕೊಂಡೆ" ಎಂದು ಮಾತ್ರ ಶುರು ಮಾಡಬೇಡಿ. "ಯಾರಮ್ಮ ಅವನು" ಎಂದು ಕೇಳಿ.

ಕಾಯುತ್ತಿರುವ ನಿಮ್ಮ ಮಗಳು,
ಬಿಂದು