ಕಿಟಕಿಯಿಲ್ಲದ ಹಿಂಗೋಡೆ

ಮಾರ್ಚ್ 4, 1986

ಓಟ್ಸ್ ಗಂಜಿ, ಪೇಪರು, ವಾಕ್. ಪೇಪರಿನಲ್ಲಿ ಮತ್ತೆ ತಪ್ಪುಗಳು — ಸಂಪಾದಕರಿಗೆ ಬರೆಯಬೇಕು. ಬ್ರಾಕ್‌ಲಾ ಫಾರ್ಮಿನ ಆಳುಗಳ ಸಾಲುಮನೆಯ ಹಿಂದಿನಿಂದ ಬಂದೆ. ಆರು ಮನೆ, ಎಲ್ಲಕ್ಕೂ ಒಂದೇ ಬೆನ್ನು, ಈ ಹಿಂಗೋಡೆ. ಮರಳುಗಲ್ಲು, ನೂರೈವತ್ತು ವರ್ಷ ಕಳೆದರೂ ಒಂದು ಕಿಂಡಿಯಿಲ್ಲ. ಇಂಗ್ಲೆಂಡಿನ ಈ ಉತ್ತರ ತುದಿಯ ನಾರ್ಥಂಬರ್ಲೆಂಡಿನಲ್ಲಿ ಇಂಥ ಗೋಡೆ ಎಷ್ಟು ಉಳಿದಿವೆ? ಅದನ್ನು ರಕ್ಷಿತ ಕಟ್ಟಡಗಳ ಪಟ್ಟಿಗೆ ಸೇರಿಸಲು ನಾನು ಪಟ್ಟ ಪಾಡು ನನಗೇ ಗೊತ್ತು.

ಇವತ್ತು ಕೊನೆಯ ಮನೆಯ ಗೋಡೆ ಮೇಲೆ ಸೀಮೆಸುಣ್ಣದ ಚೌಕ! ಕಿಟಕಿ ಕೊರೆಯುವ ಗುರುತು. ಪ್ರವಾಸಿಗಳಿಗೆ ಬಾಡಿಗೆಗೆ ಕೊಡುವ ಹುನ್ನಾರ, ಮತ್ತೇನು? ಇವತ್ತು ಒಂದು ಮನೆ, ನಾಳೆ ಆರೂ... ಕೋಟು ಕೂಡ ಬಿಚ್ಚದೆ ಜಿಲ್ಲಾ ಕಚೇರಿಗೆ ಫೋನ್ ಮಾಡಿದೆ. "ನಿಮ್ಮ ಹೆಸರು ಗುಟ್ಟಾಗಿರುತ್ತೆ" ಅಂದರು. ನನಗೇನು ಅಂಜಿಕೆ, ಅಂದೆ.

ಮಾರ್ಚ್ 7

ಗೋಡೆಗೆ ತಡೆಯಾಜ್ಞೆ ಅಂಟಿಸಿದ್ದಾರೆ. ಕೆಲಸ ನಿಂತಿದೆ. ಸಂತೋಷ.

ಮಾರ್ಚ್ 8

ಅಂಗಡಿಯಲ್ಲಿ ವಿಲ್ಫ್ ಟೆಲ್ಫರ್ ಸಿಕ್ಕ. ನನ್ನ ಹಳೆಯ ಶಿಷ್ಯ. ಫಾರ್ಮಿನ ಕುರಿ ನೋಡಿಕೊಳ್ಳುತ್ತಾನೆ. ಕೊನೆಯ ಮನೆ ಅವನದು, ಅವನ ಹೆಂಡತಿ ಹೆಟ್ಟಿಯದು. ಗೊತ್ತಿತ್ತು. ಯೋಚಿಸಿರಲಿಲ್ಲ.

"ಹೆಟ್ಟಿಗೋಸ್ಕರ ಮೇಷ್ಟ್ರೇ. ಸ್ಟ್ರೋಕ್ ಆದ್ಮೇಲೆ ಏಳಂಗಿಲ್ಲ. ಮುಂದಿನ ಕೋಣೇಲಿ ಒಲೆ, ಊಟ ಎಲ್ಲಾ — ಮಂಚ ಹಿಡಿಯಲ್ಲ. ಹಿಂದಿನ ಕೋಣೇಲಿ ಮಲಗಿ ಗೋಡೆ ನೋಡ್ತಾಳೆ. ಕುರಿ ಮರಿ ಹಾಕೋ ಕಾಲ, ಎಲ್ಲಾ ಆ ಗೋಡೆ ಆಚೇನೇ. ಯಜಮಾನ್ರು 'ಕಿಟಕಿ ಕೊರ್ಸ್ಕೊ' ಅಂದ್ರು. ಯಾವನೋ ಬೇವಾರ್ಸಿ ಕಂಪ್ಲೇಂಟ್ ಕೊಟ್ಟವ್ನೆ."

"ಯಾರಂತೆ?"

"ಯಾವನೋ ಪೇಟೆಯವ್ನು. ನಮ್ಮೋರು ಹಂಗೆಲ್ಲ ಮಾಡಲ್ಲ ಬಿಡಿ."

ಬೆಣ್ಣೆ ಕೊಳ್ಳದೆ ಬಂದೆ.

ಮಾರ್ಚ್ 10

ಕಚೇರಿಗೆ ಫೋನ್. ದೂರು ವಾಪಸು ಪಡೆಯುವಂತಿಲ್ಲ. ಇನ್ನು ಜಿಲ್ಲಾ ಸಮಿತಿಯ ಸಭೆಯೇ ತೀರ್ಮಾನಿಸಬೇಕು. "ನಿಮ್ಮ ಮಾತೇ ನಮಗೆ ಆಧಾರ ಸರ್" ಎಂದು ಅಲ್ಲಿನ ಹುಡುಗಿ, ಪಟ್ಟಿಗೆ ಸೇರಿಸಲು ನಾನು ಬರೆದಿದ್ದ ಅರ್ಜಿಯಿಂದ ನನ್ನದೇ ಹಳೆಯ ವಾಕ್ಯ ಓದಿದಳು: "ಈ ಸಾಲಿನ ಘನತೆ ಅದರ ಕಿಟಕಿಯಿಲ್ಲದ ಬೆನ್ನಿನಲ್ಲಿದೆ."

ಘನತೆ! ಅಲ್ಲಿ ಕಿಟಕಿ ಯಾಕಿಲ್ಲವೆಂದು ನನಗೆ ಗೊತ್ತು. ಆಗ ಹಿಂದೆ ಯಜಮಾನರ ತೋಟವಿತ್ತು. ಮನೆಯ ಹೆಂಗಸರು ಅಲ್ಲಿ ಚಹಾ ಕುಡಿಯುವಾಗ ಆಳುಗಳ ಕಣ್ಣು ಬೀಳಬಾರದು. ಮುಂದಿನ ಗೋಡೆಗೂ ಬರೀ ತೂತು ಬಿಟ್ಟಿದ್ದರು. ಫಾರ್ಮ್ ಬದಲಿಸುವ ಆಳು ತನ್ನ ಕಿಟಕಿಯನ್ನು ತಾನೇ ಗಾಡಿಯಲ್ಲಿ ತರಬೇಕು, ಹೋಗುವಾಗ ಕಿತ್ತುಕೊಂಡು ಹೋಗಬೇಕು. ಊರಿನ ಇತಿಹಾಸದ ಉಪನ್ಯಾಸಗಳಲ್ಲಿ ಈ ಸಂಗತಿ ಹೇಳಿ ಎಷ್ಟು ಸಲ ಸಭಿಕರನ್ನು ನಗಿಸಿದ್ದೇನೆ! ನನ್ನ ಅಜ್ಜನೂ ಹಾಗೆ ಕಿಟಕಿ ಹೊತ್ತವನೇ. ಅದನ್ನು ಮಾತ್ರ ಹೇಳಿಲ್ಲ.

ಮಾರ್ಚ್ 16

ದೂರು ನನ್ನದೆಂದು ಹೇಳಿಬಿಡುವುದೆಂದೇ ವಿಲ್ಫ್ ಮನೆಗೆ ಹೋದೆ. ಹಗಲಲ್ಲೂ ಲೈಟು ಹಚ್ಚಿದ ಕೋಣೆ. ಹೆಟ್ಟಿಯ ಬಾಯಿ ಒಂದು ಕಡೆಗೆ ಸೊಟ್ಟ. ಮಾತು ಮಾತ್ರ ಚೂಪು.

"ಬನ್ನಿ ಮೇಷ್ಟ್ರೇ, ಕೂತ್ಕೊಂಡು ವ್ಯೂ ನೋಡಿ" — ಗೋಡೆ ತೋರಿಸಿದಳು. "ಎಷ್ಟು ವರ್ಷ ಮರಿ ಹೆರಿಸಿದೀನಿ ಆಚೆ. ಈಗ ಬರೀ ಕೂಗು ಕೇಳ್ತೀನಿ. ಯಾವ್ದೋ ಒದ್ದಾಡ್ತಿದೆ ಹೋಗು ಅಂತೀನಿ, ಈವಯ್ಯ ಓಡ್ತಾನೆ."

"ಮಲಗಿದ್ರೂ ದರ್ಬಾರು ಬಿಟ್ಟಿಲ್ಲ ಇವ್ಳು" — ವಿಲ್ಫ್.

"ಹೆಟ್ಟಿ, ಆ ದೂರು..." ಅಂದೆ.

"ಅದಕ್ಕೇ ಬಂದಿದೀರಿ, ಗೊತ್ತು." ಸಿಕ್ಕಿಬಿದ್ದೆ ಅಂದುಕೊಂಡೆ. "ಗುರುವಾರ ಸಭೇಲಿ ನಮ್ ಪರ ನೀವೇ ಮಾತಾಡ್ಬೇಕು. ಈವಯ್ಯಂಗೆ ನಾಲ್ಕು ಜನದ ಮುಂದೆ ಬಾಯಿ ಬರಲ್ಲ."

ಒಪ್ಪಿಕೊಂಡೆ. ಶುಂಠಿ ಕೇಕ್ ಕೊಟ್ಟರು. ತಿಂದೆ.

ಮಾರ್ಚ್ 20

ಸಭೆ. ವಿಲ್ಫ್ ಟೈ ಕಟ್ಟಿ ಬಂದು ನನ್ನ ಪಕ್ಕ ಕೂತಿದ್ದ. ನನ್ನ ಜೇಬಿನಲ್ಲಿ ಭಾಷಣ. ಚೆನ್ನಾಗಿಯೇ ಬರೆದಿದ್ದೆ, ಅದೂ ನಾಚಿಕೆಯೇ. "ಕಲ್ಲನ್ನು ಪ್ರೀತಿಸಿ ಮನುಷ್ಯರನ್ನು ಮರೆತವರು" ಎಂದಿದ್ದೆ. ಬಹುವಚನ... ಅಡಗಿಕೊಳ್ಳಲು ಒಳ್ಳೆಯ ಜಾಗ.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. "ಹೆಸರು ನಾವು ಹೇಳಲ್ಲ; ದೂರು ಕೊಟ್ಟೋರು ಇಷ್ಟ ಇದ್ರೆ ಮೊದಲು ಮಾತಾಡ್ಲಿ. ಬಂದಿದ್ದಾರಾ?"

ವಿಲ್ಫ್ ತಿರುಗಿ ಹಿಂದಿನ ಸಾಲಿನ ಮುಖಗಳನ್ನು ಒಂದೊಂದಾಗಿ ನೋಡತೊಡಗಿದ. "ಏಳ್ಲಿ, ನೋಡಾಣ ಆ ಮೂತೀನ."

ಎದ್ದೆ.

ವಿಲ್ಫ್ ನನ್ನ ಕೋಟಿನ ಅಂಚು ಹಿಡಿದು ಎಳೆದ. "ಕೂತ್ಕಳಿ ಮೇಷ್ಟ್ರೇ, ನಮ್ ಸರದಿ ಇನ್ನೂ—"