ಮಾತ್ರೆಯ ನೆಪ

ಕಿಲ್‌ಬರಾನ್,
ಜುಲೈ 8, 1997

ಜಾರ್ಲತ್,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದ್ದೇನೆ, ಕಾಣುತ್ತಿದ್ದರೆ ಕಾಣಲಿ. ನಿನ್ನನ್ನು ಮನೆಯಿಂದ ಕಳಿಸಿದ ಮೇಲೆ ಇದೇ ನನ್ನ ಮೊದಲ ಕಾಗದ. ಕೇಳುವುದು ಒಂದೇ: ನೀನು ಸಾಯುತ್ತಿದ್ದೀಯಾ, ಇಲ್ಲಾ ಕುಡಿಯುವುದನ್ನು ಬಿಟ್ಟಿದ್ದೀಯಾ?

ಮಾಂಸದಂಗಡಿಯಲ್ಲಿ ಪಕ್ಕದ ಮನೆಯ ನೋರೀನ್ ನನ್ನ ಕೈ ಹಿಡಿದುಕೊಂಡಳು. ಇಷ್ಟು ವರ್ಷದಲ್ಲಿ ಅವಳು ನನ್ನ ಕೈ ಮುಟ್ಟಿದ್ದೇ ಇಲ್ಲ. “ಪಾಪ ಕಣೇ ಡಿಂಪ್ನಾ, ನಿನ್ ಗಂಡ ಪಬ್ಬಲ್ಲಿ ಕೂತು ಕಿತ್ತಳೆ ಜ್ಯೂಸ್ ಕುಡೀತಿದ್ನಂತೆ. ಡಾಕ್ಟ್ರು ಎಷ್ಟ್ ದಿನ ಅಂದಿದಾರೆ?” ಎಂದಳು. ನಾನು ಮಾಂಸ ತೆಗೆದುಕೊಳ್ಳುವುದನ್ನೂ ಮರೆತು ಮನೆಗೆ ಬಂದೆ.

ನಿನಗೆ ಮನೆಯಲ್ಲಿ ಜಾಗ ಕೊಟ್ಟಿರುವ ನಿನ್ನ ತಮ್ಮ ಪಾರಿಕ್‌ನನ್ನೇ ಕೇಳಿದೆ. ಅವನಿಗೂ ಗೊತ್ತಿಲ್ಲ. ಯಾರು ಬಿಯರ್ ಕೊಡಿಸಲು ಬಂದರೂ ಮಾತ್ರೆ ತಗೋತಿದೀನಿ ಅನ್ನುತ್ತೀಯಂತೆ. ಮೊದಮೊದಲು ಹಲ್ಲುನೋವು ಅಂದುಕೊಂಡರು, ಆಮೇಲೆ ಕಿಡ್ನಿ. ತಿಂಗಳುಗಟ್ಟಲೆ ನುಂಗುವ ಮಾತ್ರೆ ಯಾವ ಕಾಯಿಲೆಗೆ ಎಂದು ಕೇಳುವ ಧೈರ್ಯ ಈಗ ಯಾರಿಗೂ ಇಲ್ಲ. ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಾಗಿದ್ದರೆ ದೇವರಿಗಾಗಿ ಬಿಟ್ಟಿದ್ದಾನೆ ಎಂದು ಸುಮ್ಮನಾಗುತ್ತಿದ್ದರು. ಜುಲೈನಲ್ಲಿ ಗಟ್ಟಿಮುಟ್ಟಾದ ಗಂಡಸು ಬಿಟ್ಟಾನೆಂದು ಇಲ್ಲಿ ಯಾರು ನಂಬುತ್ತಾರೆ? ಎಲ್ಲರಿಗೂ ಬಿಯರ್ ಕೊಡಿಸುವ ನಿನ್ನ ಸರದಿ ಬಂತೆಂದು ಎದ್ದೆಯಂತೆ, ಬೇಡ ಎಂದು ಕೂರಿಸಿದರಂತೆ. ಸರದಿ ತಪ್ಪಿಸಿದವನನ್ನು ಅವನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುವ ಊರು ಇದು. ಅಂಥವರೇ ನಿನ್ನ ಸರದಿ ಬಿಟ್ಟುಕೊಟ್ಟರೆಂದು ಕೇಳಿದ ಮೇಲೆ ನನಗೆ ನಿಜಕ್ಕೂ ಭಯವಾಯಿತು.

ನಾನು ಅತ್ತುಬಿಟ್ಟೆ. ಪಾರಿಕ್‌ಗೆ ಹೇಳಬೇಡ. ಅತ್ತು ಮುಗಿದ ಮೇಲೆ ಇನ್ನೊಂದು ಯೋಚನೆ ಬಂತು. ಕುಡಿತ ಬಿಟ್ಟರೆ ಮನೆಗೆ ಬಾ ಎಂದವಳು ನಾನೇ. ಬಿಟ್ಟಿದ್ದರೆ ನನಗೇಕೆ ತಿಳಿಸಲಿಲ್ಲ? ಊರಿಗೆ ಹೇಳದಿರುವುದು ಅರ್ಥವಾಗುತ್ತದೆ. ಬಿಟ್ಟೆ ಎಂದರೆ ಅಲ್ಲಿಯವರೆಗೆ ಮಿತಿ ಮೀರಿತ್ತು ಎಂದು ಒಪ್ಪಿಕೊಂಡ ಹಾಗೆ. ಕಾಯಿಲೆಯಾದರೆ ಮರ್ಯಾದಸ್ಥರಿಗೂ ಬರುತ್ತದೆ. ಆದರೆ ನನ್ನ ಹತ್ತಿರ ಉಳಿಸಿಕೊಳ್ಳಲು ನಿನಗೆ ಯಾವ ಮರ್ಯಾದೆ ಬಾಕಿ ಇದೆ?

ನನ್ನ ತಲೆಯೇ ಓಡುತ್ತಿಲ್ಲ. ಸಾಯುತ್ತಿದ್ದೀಯೆಂದುಕೊಂಡಾಗ ಎಲ್ಲವನ್ನೂ ಕ್ಷಮಿಸಿಬಿಟ್ಟಿದ್ದೆ. ಚೆನ್ನಾಗಿಯೇ ಇದ್ದೀಯೇನೋ ಅನ್ನಿಸಿದ ಕೂಡಲೇ, ನನ್ನ ಅಮ್ಮನನ್ನು ಮಣ್ಣು ಮಾಡಿದ ದಿನ ನೀನು ಹಾಡುತ್ತಾ ಹಾಡುತ್ತಾ ಸ್ಯಾಂಡ್‌ವಿಚ್ ಮೇಜಿನ ಮೇಲೆ ಬಿದ್ದದ್ದು ನೆನಪಾಗಿ ಮೈಯೆಲ್ಲ ಉರಿಯಿತು. ಇನ್ನೂ ಒಂದು ಹೆದರಿಕೆಯಿದೆ. ಮೊದಲ ಸಲ ನನ್ನನ್ನು ಕುಣಿಯಲು ಕರೆದಾಗಲೂ ನಿನ್ನೊಳಗೆ ಎರಡು ಗ್ಲಾಸ್ ಇತ್ತು. ಕುಡಿಯದ ಜಾರ್ಲತ್ ಹೇಗಿರುತ್ತಾನೋ ನಾನು ಕಂಡಿಲ್ಲ. ನನ್ನೆದುರು ಚಹಾ ಇಟ್ಟುಕೊಂಡು ಕೂತು ಏನು ಮಾತಾಡುತ್ತೀಯ? ಆ ಕುಡಿಯದವನಿಗೆ ನಾನು ಇಷ್ಟವಾಗದಿದ್ದರೆ?

ಒಂದು ಸಾಲು ಬರೆ. ನಿಜವನ್ನೇ ಬರೆ.

ಇನ್ನೂ ನಿನ್ನ ಮನೆತನದ ಹೆಸರನ್ನೇ ಹೊತ್ತಿರುವ,
ಡಿಂಪ್ನಾ

ತಾ.ಕ.: ಪಾದ್ರಿಗಳು ನಿನ್ನ ವಿಷಯ ವಿಚಾರಿಸಿದರು. ಕುಡಿತ ಬಿಟ್ಟಿರಬಹುದು ಎನ್ನಲು ನಾಲಿಗೆ ಬರಲಿಲ್ಲ, ಹೌದು ಫಾದರ್, ಕಾಯಿಲೆಯೇ ಅಂದುಬಿಟ್ಟೆ. ಈ ಭಾನುವಾರದ ಪೂಜೆಯಲ್ಲಿ ರೋಗಿಗಳಿಗಾಗಿ ಪ್ರಾರ್ಥಿಸುವಾಗ ನಿನ್ನ ಹೆಸರನ್ನೂ ಓದುತ್ತಾರೆ. ಬಂದು ನನ್ನ ಪಕ್ಕ ಕೂತುಕೋ. ಕಾಯಿಲೆ ಇದ್ದರೂ ಬಾ, ಇಲ್ಲದಿದ್ದರೂ ಬಾ. ಇಲ್ಲದಿದ್ದರೆ ಮುಖ ಸ್ವಲ್ಪ ಬಾಡಿಸಿಕೊಂಡಿರು. ಇಬ್ಬರು ಸುಳ್ಳರೂ ಒಟ್ಟಿಗೆ ಮನೆಗೆ ಹೋಗೋಣ.